ಕಲ್ಲಿನ ಕೆಳಗಿನ ಸದ್ದು

ಮೊದಲ ಸಲ ಕಂಡಾಗ ಅವಳು ನಿಂತಲ್ಲೇ ನಿದ್ದೆ ಹೊಡೆಯುತ್ತಿದ್ದಾಳೆ ಎಂದೇ ಈ ಬರಹಗಾರ ತಿಳಿದಿದ್ದ. ವಿಶ್ವವಿದ್ಯಾಲಯದ ಗ್ರಂಥಾಲಯದ ಹಿಂದೆ, ಮಧ್ಯಾಹ್ನ ಎರಡರ ಬಿಸಿಲಲ್ಲಿ, ಎದೆಯೆತ್ತರದ ಕಬ್ಬಿಣದ ಸಲಾಕೆಯನ್ನು ನೆಲಕ್ಕೂರಿ, ಅದರ ತುದಿಗೆ ಕಿವಿಯಾನಿಸಿ, ಕಣ್ಣು ಮುಚ್ಚಿ ನಿಂತಿದ್ದಳು, ಐವತ್ತರ ಆಸುಪಾಸಿನ ಹೆಂಗಸು. ತೆರಿಗೆ ಕಟ್ಟುವವನ ಘನತೆಗೆ ತಕ್ಕಂತೆ ಅವನು ಕೆಮ್ಮಿದ. ಅವಳು ಕಣ್ಣು ತೆರೆಯದೆ ಒಂದು ಬೆರಳೆತ್ತಿದಳು. ಅವನು ಇನ್ನೊಮ್ಮೆ, ಇನ್ನಷ್ಟು ಘನತೆಯಿಂದ ಕೆಮ್ಮಿದ.

"ಕೆಮ್ಮೋದಿದ್ರೆ ಆ ಕಡೆ ಹೋಗಿ ಕೆಮ್ಮಿ ಸ್ವಾಮಿ. ಪೈಪು ಕೇಳಿಸ್ತಿಲ್ಲ."

ನೆಲದೊಳಗಿನ ಪೈಪು ಎಲ್ಲಿ ಸೋರುತ್ತಿದೆ ಎಂದು ಕೇಳಿ ಹೇಳುವುದೇ ಅವಳ ಕೆಲಸ. ಹಾಸ್ಟೆಲಿನ ಹುಡುಗಿಯರು ಅವಳಿಗಿಟ್ಟ ಹೆಸರು ಕಿವಿಯಕ್ಕ. ಸಲಾಕೆ ಗಂಡನದು. ಅವನು ಅಲ್ಲೇ ಪೈಪು ಫಿಟ್ಟರಾಗಿದ್ದ. ಇರುವಷ್ಟು ದಿನ ಹೆಂಡತಿಗೆ ಬಂಗಾರದ ಬಳೆ ಮಾಡಿಸದಿದ್ದರೂ ಈ ವಿದ್ಯೆಯನ್ನು ಕಲಿಸಿದ್ದ. ಅವನು ತೀರಿಕೊಂಡ ಮೇಲೆ ಕೆಲಸ ಅವಳಿಗೆ ಬಂತು. ಆಫೀಸಿನವರು ಅವಳನ್ನು ಕಡತಗಳ ಕೋಣೆಯಲ್ಲಿ ಕೂರಿಸಬೇಕೆಂದಿದ್ದರು. ಅವಳು ಮೊದಲ ದಿನವೇ ಸಲಾಕೆಯನ್ನು ಹೆಗಲಿಗೇರಿಸಿ ಪಂಪ್‌ಹೌಸಿಗೆ ನಡೆದಳು. ಕರೆತರಲು ಯಾರಿಗೂ ಧೈರ್ಯ ಬರದೆ ಎಂಟು ವರ್ಷ ಕಳೆದವು.

ಎರಡು ಗಂಟೆಗೆ ಪಂಪು ಓಡುತ್ತದೆ, ಹುಡುಗರು ತರಗತಿಯಲ್ಲಿ ತೂಕಡಿಸುತ್ತಾರೆ, ಆವರಣದಲ್ಲಿ ಸದ್ದಿರುವುದಿಲ್ಲ. ಗಟ್ಟಿ ಪೈಪು ಒಂದೇ ಸಮನೆ ಗುಂಯ್ಗುಡುತ್ತದೆ. ಸೋರುವ ಪೈಪಿನದು ಉಕ್ಕಲು ಹೊರಟ ಹಾಲಿನ ಸದ್ದು. ಆ ವರ್ಷ ಅವಳಿಗೆ ಆ ಹಾಲು ಕೇಳಿಸಿದ್ದು ಆಡಳಿತ ಕಟ್ಟಡದ ಮುಂದೆ, ಪಂಪ್‌ಹೌಸಿನಿಂದ ಮೇಲಿನ ಟ್ಯಾಂಕಿಗೆ ಹೋಗುವ ದೊಡ್ಡ ಪೈಪಿನಲ್ಲಿ. ಟ್ಯಾಂಕು ತುಂಬುತ್ತಿರಲಿಲ್ಲ. ಹೆಣ್ಣುಮಕ್ಕಳ ಹಾಸ್ಟೆಲಿನ ಮೂರನೇ ಮಹಡಿಗೂ ನೌಕರರ ಮನೆಗಳ ಕೊನೆಯ ಸಾಲಿಗೂ ದಿನಕ್ಕೆ ಅರ್ಧ ಗಂಟೆ ನೀರು, ಅದೂ ನೂಲಿನಂತೆ. ಆ ಕೊನೆಯ ಸಾಲಿನಲ್ಲೇ ಅವಳ ಮನೆ. ಅತ್ತೆ ಬಕೆಟ್ ಇಟ್ಟುಕೊಂಡು ನಲ್ಲಿಯ ಮುಂದೆ ಕೂತು, "ಊರ ಸೋರಿಕೆ ಹಿಡಿಯೋಳ ಮನೇಲಿ ಹನಿ ನೀರಿಲ್ಲ" ಎಂದು ಗೋಡೆಗೆ ಹೇಳುತ್ತಿದ್ದರು. ಗೋಡೆಗೆ ಹೇಳಿದರೆ ಸೊಸೆಗೆ ತಲುಪುತ್ತದೆ ಎಂಬುದು ಮೂವತ್ತು ವರ್ಷದ ಅನುಭವ.

ಅದೇ ಜಾಗವನ್ನು ಹಸಿರು ಆವರಣ ಸಮಿತಿಯೂ ಆರಿಸಿಕೊಂಡಿತ್ತು. ಸಮಿತಿಯ ಸಂಚಾಲಕರು ಒಬ್ಬ ಪ್ರೊಫೆಸರು. ಹಸಿರು ಬಿಟ್ಟು ಬೇರೆ ಬಣ್ಣದ ಟೈ ಕಟ್ಟಿದವರಲ್ಲ. ನೀರುಳಿತಾಯದ ಬಗ್ಗೆ ಹನ್ನೊಂದು ಸಭೆ ನಡೆಸಿದ್ದರು. ಪ್ರತಿ ಸಭೆಯಲ್ಲೂ ಎಲ್ಲರಿಗೂ ಒಂದೊಂದು ಬಾಟಲಿ ನೀರು, ಪ್ರತಿ ಬಾಟಲಿಯಲ್ಲೂ ಮುಕ್ಕಾಲು ಪಾಲು ಉಳಿತಾಯ. ಹೊರಗಿನಿಂದ ತಪಾಸಣೆ ತಂಡ ಬಂದು ಆವರಣಕ್ಕೆ ಹಸಿರು ದರ್ಜೆ ಕೊಡುವುದಿತ್ತು. ಅದಕ್ಕೆಂದು ಕಟ್ಟಡದ ಮುಂದೆ ಕರಿಕಲ್ಲೊಂದನ್ನು ಹಾಸಬೇಕು, ಅದರ ಮೇಲೆ ಚಿನ್ನದ ಬಣ್ಣದಲ್ಲಿ 'ಪ್ರತಿ ಹನಿಯೂ ಅಮೂಲ್ಯ' ಎಂದಿರಬೇಕು. ಜೊತೆಗೆ 'ಸೋರಿಕೆ ಶೂನ್ಯ' ಎಂಬ ಪತ್ರಕ್ಕೆ ನೀರು ವಿಭಾಗದ ನೌಕರರ ಸಹಿ ಬೇಕು. ನೀರು ವಿಭಾಗ ಎಂದರೆ ಕಿವಿಯಕ್ಕ.

ಅವಳು ಅವರ ಕೋಣೆಗೆ ಹೋಗಿ ನಿಂತಳು. ಕಲ್ಲು ಹಾಸುವ ಮೊದಲು ಅಗೆಯಬೇಕು ಎಂದಳು. ಸಂಚಾಲಕರು ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿ, ಹೊಸ ಮೀಟರು ಸೊನ್ನೆ ಸೋರಿಕೆ ತೋರಿಸುತ್ತಿದೆ, ಕಬ್ಬಿಣದ ಕೋಲನ್ನು ನಂಬಬೇಕೋ ವಿಜ್ಞಾನವನ್ನೋ ಎಂದು ಸೌಮ್ಯವಾಗಿ ಕೇಳಿದರು.

"ಮೀಟರು ಎಲ್ಲಿ ಕೂರಿಸಿದ್ದೀರಿ ಸಾರ್?"

"ಟ್ಯಾಂಕಿನ ಹತ್ತಿರ."

"ಸೋರ್ತಿರೋದು ಟ್ಯಾಂಕಿಗೆ ಬರೋ ದಾರೀಲಿ. ಹಾಲು ಕರೆದು ದಾರಿಯಲ್ಲಿ ಚೆಲ್ಲಿ, ಮನೆಗೆ ಬಂದು ಅಳೆದ್ರೆ ಅಳತೆ ಸರಿಯಾಗೇ ಬರುತ್ತೆ."

ಸಂಚಾಲಕರಿಗೆ ಹಾಲಿನ ಮಾತು ರುಚಿಸಲಿಲ್ಲ. ಶುಕ್ರವಾರದೊಳಗೆ ಸಹಿ ಬರಬೇಕು, ಇಲ್ಲದಿದ್ದರೆ ಸೋಮವಾರದಿಂದ ಕಡತಗಳ ಕೋಣೆ, ಸಲಾಕೆ ಉಗ್ರಾಣಕ್ಕೆ ಎಂದರು.

ಮನೆಯಲ್ಲಿ ಅತ್ತೆ ಮೊದಲ ಬಾರಿಗೆ ಗೋಡೆಯನ್ನು ಬಿಟ್ಟು ನೇರವಾಗಿ ಮಾತಾಡಿದರು. ಸಹಿ ಹಾಕಿ ಬಾ, ನಮಗ್ಯಾಕೆ ಊರ ಉಸಾಬರಿ ಎಂದರು. ಆಮೇಲೆ ಸಲಾಕೆಯ ಸವೆದು ಹೊಳೆಯುವ ತುದಿಯನ್ನು ನೋಡುತ್ತ, "ಅದನ್ನ ಉಗ್ರಾಣಕ್ಕೆ ಹಾಕ್ತಾರಂತಾ?" ಎಂದರು. ಹೌದೆಂದಳು ಸೊಸೆ. "ಹಾಗಾದ್ರೆ ಹಾಕಬೇಡ" ಎಂದು ಮತ್ತೆ ನಲ್ಲಿಯ ಕಡೆ ತಿರುಗಿದರು.

ಶುಕ್ರವಾರ ಅವಳು ಸಂಚಾಲಕರಿಗೆ, "ನಾನು ಕೇಳಿದ್ದನ್ನ ಬರೆದು ಅದಕ್ಕೆ ಸಹಿ ಹಾಕ್ತೀನಿ" ಎಂದಳು. ಅವರ ಕಿವಿಗೆ ಬಿದ್ದದ್ದು ಕೊನೆಯ ಎರಡು ಪದ ಮಾತ್ರ. ಅವಳು ಪತ್ರ ತೆಗೆದುಕೊಂಡು, 'ಶೂನ್ಯ' ಎಂಬುದಕ್ಕೆ ಗೀಟು ಹಾಕಿ, ದುಂಡಗಿನ ಅಕ್ಷರದಲ್ಲಿ 'ಸೋರಿಕೆ ಇದೆ. ಕರಿಕಲ್ಲು ಹಾಸುವ ಜಾಗದ ಕೆಳಗೆ, ನಾಲ್ಕು ಅಡಿ ಆಳ' ಎಂದು ಬರೆದು ಹೆಸರು ಹಾಕಿ, ಅವರ ಕೈಗೇ ಕೊಟ್ಟಳು. ಅವರು ಸಹಿ ಇದೆಯೇ ಎಂದು ನೋಡಿದರು. ಇತ್ತು. ಕಡತಕ್ಕೆ ಸೇರಿಸಿ ಬೆನ್ನು ತಟ್ಟುವಂತೆ ನಕ್ಕರು. ಓದುವ ಅಭ್ಯಾಸ ಅವರಿಗೆ ಪ್ರೊಫೆಸರಾದ ಮೇಲೆ ತಪ್ಪಿಹೋಗಿತ್ತು.

ಕಲ್ಲು ಹಾಸುವ ದಿನ ಅವಳು ಗಾರೆ ಮೇಸ್ತ್ರಿಯ ಪಕ್ಕದಲ್ಲೇ ನಿಂತಿದ್ದಳು.

"ಸಿಮೆಂಟ್ ಹಾಕಬೇಡಣ್ಣ. ಮರಳಿನ ಮೇಲೆ ಇಡು."

"ಅಲ್ಲಾಡುತ್ತಲ್ಲಕ್ಕ."

"ಹೇಗೂ ಎತ್ತೋದಿದೆ."

ಮೇಸ್ತ್ರಿ ಅವಳ ಮುಖವನ್ನೂ ಸಿಮೆಂಟಿನ ಚೀಲವನ್ನೂ ನೋಡಿ ಮರಳಿನ ಮೇಲೇ ಇಟ್ಟ. ಅವನ ತಂಗಿಯೂ ಅದೇ ಹಾಸ್ಟೆಲಿನ ಮೂರನೇ ಮಹಡಿಯಲ್ಲಿದ್ದಳು.

ತಪಾಸಣೆ ತಂಡದಲ್ಲಿ ಮೂವರಿದ್ದರು. ಇಬ್ಬರು ಪರದೆಯ ಮೇಲಿನ ಹಸಿರು ಚಿತ್ರಗಳನ್ನು ನೋಡಿ ತಲೆದೂಗಿದರು. ಮೂರನೆಯವರು ದಪ್ಪ ಕನ್ನಡಕದ ಹಿರಿಯ ಹೆಂಗಸು. ಕೊಟ್ಟ ಕಾಗದವನ್ನೆಲ್ಲ ಓದುವ ಕೆಟ್ಟ ಚಾಳಿ ಅವರದು. ಅವರು ಕಡತ ಓದುತ್ತ ನಡುವೆ ತಡೆದು, "ನಾಲ್ಕು ಅಡಿ ಅಂದ್ರೇನು?" ಎಂದರು. ಸಂಚಾಲಕರು ಅದು ಕಲ್ಲಿನ ಉದ್ದವಿರಬೇಕು ಎಂದರು. ಆಮೇಲೆ ತಾವೇ ಇಣುಕಿ ಓದಿದರು. ಟೈಯ ಬಣ್ಣ ಮುಖಕ್ಕೂ ಬಂತು.

ಹಿರಿಯ ಹೆಂಗಸು ಕಲ್ಲಿನ ಬಳಿ ಬಂದು, ಕಿವಿಯಕ್ಕ ಊರಿಕೊಟ್ಟ ಸಲಾಕೆಗೆ ಕಿವಿಯಿಟ್ಟು, ನನಗೇನೋ ಹಾಲು ಉಕ್ಕಿದಂತೆ ಕೇಳಿಸುತ್ತಿದೆ ಎಂದಾಗ, ಸಂಚಾಲಕರು ಕಿವಿಯಕ್ಕನ ಪಕ್ಕಕ್ಕೆ ಸರಿದು, ಸೋಮವಾರ ನೀನು ಕಡತಗಳ ಕೋಣೆಯಲ್ಲಿರುತ್ತೀಯ ಎಂದು ಪಿಸುಗುಟ್ಟಿದರು.

"ಸೋಮವಾರದ ಮಾತು ಸೋಮವಾರ" ಎಂದಳು ಅವಳು, ಎಲ್ಲರಿಗೂ ಕೇಳುವಂತೆ. "ನೀವು ಆ ಕೋಣೆಗೆ ಹಾಕಿದ್ರೆ ಅಲ್ಲೂ ಈ ಕಿವಿ ನನ್ನ ಜೊತೇಲೇ ಬರುತ್ತೆ ಸಾರ್. ಈಗ ಕಲ್ಲು ಎತ್ತಿಸಿ."

ಮೇಸ್ತ್ರಿ ಒಬ್ಬನೇ ಹಾರೆ ಕೊಟ್ಟು ಕಲ್ಲೆತ್ತಿದ. ನಾಲ್ಕು ಅಡಿ ಅಗೆಯಬೇಕಾಗಲಿಲ್ಲ. ಮೂರಕ್ಕೇ ಮಣ್ಣು ಗಂಜಿಯಾಗಿತ್ತು. ಅಲ್ಲಿಂದ ಚಿಮ್ಮಿದ ನೀರು ಮೊದಲು ಮುಟ್ಟಿದ್ದು ಸಂಚಾಲಕರ ಬೂಟನ್ನು. ಅವಳು ವಾಲ್ವು ಮುಚ್ಚಿಸಿ, ಸೆರಗು ಸಿಕ್ಕಿಸಿ ಗುಂಡಿಗಿಳಿದಳು. ಸಂಜೆಯ ಹೊತ್ತಿಗೆ ಜೋಡಣೆ ಮುಗಿದು, ಮೂರನೇ ಮಹಡಿಯ ಕಿಟಕಿಗಳಿಂದ ಹುಡುಗಿಯರು ನೀರು ಬಂದ ಖುಷಿಗೆ ಬಕೆಟ್‌ಗಳನ್ನು ಬಡಿಯುವುದು ಕೇಳಿಸಿತು. ಕೊನೆಯ ಸಾಲಿನಿಂದ ಅತ್ತೆ ಹೇಳಿ ಕಳಿಸಿದ್ದರು: ಬಕೆಟ್ ತುಂಬಿ ಹೊರಗೆ ಹರೀತಿದೆ, ಇದನ್ನೂ ನಾನೇ ನಿಲ್ಲಿಸಬೇಕಾ?

ದರ್ಜೆ ಆ ವರ್ಷ ಬರಲಿಲ್ಲ. ಸೋಮವಾರದ ಆದೇಶ ಮಾತ್ರ ತಪ್ಪದೆ ಬಂತು. ಅವಳು ಅದನ್ನು ಮಡಿಚಿ ಜೇಬಿಲ್ಲದ ಸೀರೆಯ ಸೊಂಟಕ್ಕೆ ಸಿಕ್ಕಿಸಿ, ಸಲಾಕೆ ಹೆಗಲಿಗೇರಿಸಿ, ಎಂಟು ವರ್ಷದ ಹಿಂದಿನಂತೆಯೇ ಪಂಪ್‌ಹೌಸಿಗೆ ನಡೆದಳು. ಈ ಸಲವೂ ಯಾರೂ ಕರೆತರಲು ಬರಲಿಲ್ಲ. ಬಂದದ್ದು ಪ್ರಚಾರ ವಿಭಾಗದ ಅಧಿಕಾರಿ, ಫೋನಿನಲ್ಲಿ ಚಿತ್ರ ತೆಗೆಯಲು. ಅವಳು ಕಣ್ಣು ಮುಚ್ಚಿ ಸಲಾಕೆಗೆ ಕಿವಿಯಾನಿಸಿರುವುದನ್ನು ಕಂಡು ಅವನು ಫೋನು ಇಳಿಸಿ ಕೈಮುಗಿದ. ಭೂಮಿತಾಯಿ ಅಷ್ಟು ಹತ್ತಿರದಿಂದ ನಿಮ್ಮ ಕಿವಿಯಲ್ಲಿ ಏನು ಹೇಳ್ತಾಳೆ ಅಕ್ಕ ಎಂದು ಕೇಳಿದ.

ಅವಳು ಕಣ್ಣು ತೆರೆಯಲಿಲ್ಲ.

"ಪೈಪಿನ ಮೇಲೆ ನಿಂತಿದ್ದೀಯ. ಇಳಿ."