ಮನೆ ಕುಸಿಯುತ್ತಿದೆ ಎಂದ ಉಪಗ್ರಹ

ಮಕ್ಕಳೇ, ನಿಮ್ಮ ತಾಯಿ ಆಫೀಸಿನಲ್ಲಿ ಏನು ಮಾಡುತ್ತಾಳೆಂದು ಯಾರಾದರೂ ಕೇಳಿದರೆ ಈಗ ನಾನೇ ಹೇಳಬಲ್ಲೆ. ಕಡಲ ದಂಡೆಯ ಊರುಗಳ ನೆಲ ಎಷ್ಟು ಇಳಿಯುತ್ತಿದೆ ಎಂದು ಅಳೆಯುತ್ತಾಳೆ. ಉಪಗ್ರಹ ಕಳಿಸಿದ ರೇಡಾರ್ ಅಲೆ ಕಟ್ಟಡಕ್ಕೆ ತಾಗಿ ಮರಳುತ್ತದೆ. ಕೆಲವು ದಿನ ಬಿಟ್ಟು ಮತ್ತೆ ಕಳಿಸಿದಾಗ ದೂರ ಸ್ವಲ್ಪವೇ ಹೆಚ್ಚಿದ್ದರೂ ತಿಳಿಯುತ್ತದೆ. ಅಲೆ ಚೆನ್ನಾಗಿ ಮರಳಲೆಂದು ಕೆಲವು ಮನೆಗಳ ತಾರಸಿಯಲ್ಲಿ, ಮೂರು ತಗಡುಗಳನ್ನು ಮೂಲೆಯಂತೆ ಜೋಡಿಸಿ ಬೋಲ್ಟ್ ಹಾಕಿ ನಿಲ್ಲಿಸುತ್ತಾರೆ. ಅವನ್ನು ಮಾಡಿಸಿದ್ದು ಇಲ್ಲೇ ನಮ್ಮೂರಿನ ಸನತ್‌ನಗರದ ಒಂದು ಶೆಡ್ಡಿನಲ್ಲಿ.

ಒಂದು ಸಂಜೆ ಅವಳು ಊಟ ಬೇಡವೆಂದು ಕೂತಿದ್ದಳು.

"ಕರಾವಳಿ ಊರಾಗ ಒಂದ ಮನಿ ಇಳ್ಯಾಕತ್ತೈತ್ರಿ ಅತ್ತಿ. ಆಜುಬಾಜು ಎಲ್ಲಾ ಗಟ್ಟಿ ಅದಾವು. ನಾಳೆ ವರದಿ ಕೊಟ್ರ ಮನಿ ಖಾಲಿ ಮಾಡಸ್ತಾರ."

ಆ ಮನೆಯವರು ಕಳಿಸಿದ್ದ ತಾರಸಿಯ ಫೋಟೊ ತೋರಿಸಿದಳು. ನಾನು ಫ್ರಿಜ್ಜಿನ ಕೆಳಗೂ ಗೋಣಿ ಮಡಿಚಿ ಹಾಕುವವಳು. ಫೋಟೊದಲ್ಲಿ ಗೋಣಿಯ ಅಂಚು ಕೂಡಲೇ ಗುರುತಾಯಿತು.

"ತಗಡಿನ ಬುಡಕ ಗೋಣಿ ಐತಲ್ಲವಾ."

"ಬೋಲ್ಟ್ ಹಾಕೇವ್ರಿ. ಗೋಣಿ ಎಲ್ಲಿಂದ ಬರ್ತೈತಿ?"

"ಫೋನ್ ಹಚ್ಚು. ಮನಿಯಾಕಿನ್ನ ಕೇಳೋಣು."

ಆಫೀಸಿನವರು ಕೇಳಿದರೆ ಆಕೆ ಹೆದರಿ ಇಲ್ಲ ಎನ್ನುತ್ತಾಳೆಂದು ನನಗೆ ಗೊತ್ತಿತ್ತು. ಪರಿಚಯವಿಲ್ಲದವರೊಡನೆ ಮಾತಾಡಲು ನಾಚುವ ನಾನೇ ಫೋನು ಹಿಡಿದೆ.

"ನೆಲಕ್ಕ ತುಕ್ಕು ಹತ್ತಬಾರದಂತ ನಾನು ಕಬ್ಬಿಣದ ಸಾಮಾನಿನ ಬುಡಕ ಗೋಣಿ ಹಾಕ್ತೀನ್ರಿ. ನೀವೂ ಹಾಕೀರೇನು?"

"ಮತ್ತೆಂತ ಮಾಡುವುದು ಮಾರಾಯ್ರೆ? ಬೋಲ್ಟಿನ ತೂತಿಂದ ಅಡುಗೆಮನೆಗೆ ನೀರು ಸೋರ್ತಿತ್ತು. ಬೋಲ್ಟು ಬಿಚ್ಚಿ, ತೂತು ಮುಚ್ಚಿ, ಗೋಣಿಯ ಮೇಲೆ ಅದೇ ಜಾಗದಲ್ಲಿ ಇಟ್ಟೆವು. ಗಾಳಿಗೆ ಹಾರಬಾರದಲ್ಲ, ಕಲ್ಲು ಕೂಡ ಹೇರಿದ್ದೇವೆ."

ಮಳೆಗೆ ನೆನೆದ ಗೋಣಿ ಕಲ್ಲಿನ ಭಾರಕ್ಕೆ ದಿನದಿನಕ್ಕೂ ಕುಗ್ಗಿತ್ತು. ಉಪಗ್ರಹದ ಲೆಕ್ಕ ಸರಿಯಾಗಿಯೇ ಇತ್ತು. ಅದು ಅಷ್ಟು ದಿನ ಅಳೆದದ್ದು ಗೋಣಿಯನ್ನು.

ಹಾಗೆಂದು ಮನೆ ಗಟ್ಟಿ ಎಂದು ನಿಮ್ಮ ತಾಯಿ ಒಪ್ಪಲಿಲ್ಲ. ವರದಿ ತಡೆದಳು. ಗೋಣಿ ತೆಗೆಸಿ, ತಗಡಿಗೆ ಮತ್ತೆ ಬೋಲ್ಟ್ ಹಾಕಿಸಿ, ತೂತಿಗೆ ಸಿಮೆಂಟು ತುಂಬಿಸಿ, ಮಳೆಗಾಲ ಮುಗಿಯುವವರೆಗೂ ಅಳೆದಳು. ಕಂಪ್ಯೂಟರಿನಲ್ಲಿ ಅಳತೆಯ ಗೆರೆ ಕೆಳಗೆ ಇಳಿಯಲಿಲ್ಲ. ಸುದ್ದಿ ತಿಳಿಸುವ ಕೆಲಸ ನನಗೇ ಬಿಟ್ಟಳು.

"ನಿಮ್ಮ ಮನಿ ಗಟ್ಟಿ ಐತ್ರಿ," ಎಂದೆ.

"ಅದು ನಮಗೆ ಮೊದಲೇ ಗೊತ್ತುಂಟು," ಎಂದಳು ಆಕೆ. ಆಮೇಲೆ ಕೇಳಿದಳು: "ದೊಡ್ಡ ಪಾತ್ರೆಗಳನ್ನೆಲ್ಲ ಮೂಟೆ ಕಟ್ಟಿಟ್ಟಿದ್ದೇನೆ. ಬಿಚ್ಚಬಹುದಾ ಹಾಗಾದ್ರೆ?"

"ಇವತ್ತ ಬಿಚ್ಚರಿ," ಎಂದೆ.