ಬಾಗಿಲಕ್ಕ ಬಿದ್ದದ್ದು, ನಿಂತದ್ದು

ಮೊದಲೇ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಬೇಕಾದ ಪದವೂ ಬೇಕಾದಾಗ ಸಿಗುವುದಿಲ್ಲ. ಓದು ಅರ್ಧಕ್ಕೇ ನಿಂತವಳು ನಾನು. ಆದರೂ ಚಿಕ್ಕಮ್ಮನ ಈ ಸಂಗತಿಯಲ್ಲಿ ತಪ್ಪು ಬರಬಾರದೆಂದು ಒಂದೊಂದು ಪುಟವನ್ನೂ ಅವಳಿಗೆ ಓದಿ ಹೇಳಿ, ಅವಳು ಹೂಂ ಅಂದ ಮೇಲೇ ಮುಂದಕ್ಕೆ ಹೋಗಿದ್ದೇನೆ.

ಚಿಕ್ಕಮ್ಮ ದೊಡ್ಡಾಸ್ಪತ್ರೆಯ ತುರ್ತು ವಿಭಾಗದ ಬಾಗಿಲಲ್ಲಿ ಸೆಕ್ಯುರಿಟಿ ಗಾರ್ಡ್. ಆಳು ಗಟ್ಟಿ. ಅವಳು ಅಡ್ಡ ನಿಂತರೆ ಬಾಗಿಲಿನ ಒಂದು ಪಾಲು ಮುಚ್ಚಿದ ಹಾಗೇ. ಅದಕ್ಕೇ ಅಲ್ಲಿನವರೆಲ್ಲ ಅವಳನ್ನು ಬಾಗಿಲಕ್ಕ ಎನ್ನುತ್ತಿದ್ದರು. ಕುಡಿದು ಬಂದವರು, ಡಾಕ್ಟರ ಮೇಲೆ ಕೈ ಮಾಡಲು ಬಂದವರು, ಯಾರನ್ನೇ ಆಗಲಿ ಕೊರಳಪಟ್ಟಿ ಹಿಡಿದು ಮೆಟ್ಟಿಲಿಳಿಸುತ್ತಿದ್ದಳು. ಅವಳ ಬಲಗೈ ಹೆಬ್ಬೆರಳ ಬುಡದಲ್ಲಿ, ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು ಕಚ್ಚಿದ ಹಲ್ಲಿನ ಗುರುತು ಇನ್ನೂ ಇದೆ.

ಇಂಥ ಹೆಂಗಸಿಗೆ ರಕ್ತ ಕಂಡರೆ ಆಗುತ್ತಿರಲಿಲ್ಲ. ಸ್ಟ್ರೆಚರ್ ಬಂತೆಂದರೆ ಮುಖವನ್ನು ರಸ್ತೆಯ ಕಡೆಗೆ ತಿರುಗಿಸಿಬಿಡುತ್ತಿದ್ದಳು. "ಶಿಸ್ತು ಅಂದ್ರೆ ಇದು ಕಣ್ರೋ, ಒಳಗಡೆ ಏನೇ ಆಗ್ಲಿ ಕತ್ತು ಹೊರಳಲ್ಲ" ಎಂದು ಮೇಲ್ವಿಚಾರಕರು ಹೊಸಬರಿಗೆ ಅವಳನ್ನೇ ತೋರಿಸುತ್ತಿದ್ದರು. ಕಿವಿಯಲ್ಲಿ ಸಿಳ್ಳೆ ಹೊಡೆದ ಹಾಗಾಗಿ, ಕಣ್ಣಿಗೆ ಬೂದಿ ಕವಿದು, ಬೆನ್ನಲ್ಲಿ ತಣ್ಣನೆಯ ಬೆವರಿಳಿಯುವುದು ಅವಳೊಬ್ಬಳಿಗೇ ಗೊತ್ತಿತ್ತು. ಆಗೆಲ್ಲ ಗಾರ್ಡ್ ಕೆಲಸದ ತರಬೇತಿಯಲ್ಲಿ ಕಲಿಸಿದ್ದನ್ನೇ ಮಾಡುತ್ತಿದ್ದಳು: ಮೈ ಸಡಿಲ ಬಿಡು, ಭುಜ ಇಳಿಬಿಡು, ಉದ್ದಕ್ಕೆ ಉಸಿರು ಬಿಡು. ಎಷ್ಟು ಚೆನ್ನಾಗಿ ಸಡಿಲ ಬಿಟ್ಟರೂ ಕೆಲವು ದಿನ ಶೌಚಾಲಯದ ಗೋಡೆಗೆ ಹಣೆ ಒತ್ತಿಕೊಂಡು ಕೂರುವುದು ತಪ್ಪುತ್ತಿರಲಿಲ್ಲ.

ಅವಳ ಜೊತೆ ಅದೇ ಬಾಗಿಲು ಕಾಯುತ್ತಿದ್ದ ಹಿರಿಯ ಗಾರ್ಡನ್ನು ಎಲ್ಲರೂ ಲಾಠಿಯಣ್ಣ ಎನ್ನುತ್ತಿದ್ದರು. ಒಂದು ಮಧ್ಯಾಹ್ನ ಬೀದಿಯಲ್ಲಿ ಗಾಡಿ ನಿಲ್ಲಿಸುವ ವಿಷಯಕ್ಕೆ ಎರಡು ಗುಂಪು ಬಡಿದಾಡಿಕೊಂಡವು. ಗಾಯಗೊಂಡವರನ್ನು ಎರಡೂ ಕಡೆಯವರು ಇದೇ ಆಸ್ಪತ್ರೆಗೆ ಹೊತ್ತು ತಂದರು. ಎದುರುಬದುರು ಹಾಸಿಗೆ. ಬೀದಿಯಲ್ಲಿ ಅರ್ಧಕ್ಕೆ ನಿಂತ ಜಗಳ ಅಲ್ಲಿ ಮುಂದುವರಿಯಿತು. ಒಬ್ಬ ಗ್ಲೂಕೋಸ್ ಬಾಟಲಿ ನೇತುಹಾಕುವ ಕಬ್ಬಿಣದ ಸ್ಟ್ಯಾಂಡನ್ನೇ ಕಿತ್ತುಕೊಂಡು ಬೀಸಿದ. ಅದು ನಡುವೆ ನುಗ್ಗಿದ ಲಾಠಿಯಣ್ಣನ ಹುಬ್ಬಿಗೆ ಬಡಿಯಿತು. ಹುಬ್ಬು ಬಾಯಿ ಬಿಟ್ಟಿತು. ಬಿಸಿ ರಕ್ತ ಚಿಕ್ಕಮ್ಮನ ಕೆನ್ನೆಗೆ, ತುಟಿಗೆ ಹಾರಿತು.

ಅವಳು ಮೈ ಸಡಿಲ ಬಿಟ್ಟಳು. ಬಿಟ್ಟವಳು ನಿಂತಲ್ಲೇ ಕುಸಿದಳು.

ಎಚ್ಚರವಾದಾಗ ಅವಳ ಬೆರಳುಗಳ ಮೇಲೆ ಯಾರದೋ ಬೂಟು ಇತ್ತು. ಲಾಠಿಯಣ್ಣ ಪಕ್ಕದಲ್ಲೇ ಮುದುರಿಕೊಂಡು ಬಿದ್ದಿದ್ದರು. ಅವಳು ಬಿದ್ದ ಮೇಲೆ ಅವರಿಗೆ ಇನ್ನೂ ಮೂರು ನಾಲ್ಕು ಏಟು ಬಿದ್ದಿದ್ದವು. ಎಡಗಣ್ಣು ಹೋಯಿತು.

"ಬಾಗಿಲೇ ಬಿದ್ದುಹೋಯ್ತಲ್ಲಪ್ಪ" ಎಂದು ವಾರ್ಡ್‌ಬಾಯ್ ಒಬ್ಬ ನಕ್ಕ. ಅವನನ್ನು ಗೋಡೆಗೆ ಒತ್ತಿ ಕೆನ್ನೆಗೆ ಬಾರಿಸಿದಳು. ಸತ್ಯ ಹೇಳಿದವನಿಗೆ ಹೊಡೆದೆನಲ್ಲ ಎಂದು ಮನೆಗೆ ಬಂದು ಅನ್ನದ ತಟ್ಟೆಯನ್ನು ಒದ್ದಳು.

ಮೇಲ್ವಿಚಾರಕರು ಅವಳನ್ನು ವಾಹನ ನಿಲ್ಲಿಸುವ ಜಾಗಕ್ಕೆ ಹಾಕಲು ಹೊರಟರು. ತಲೆಗೆಲ್ಲ ಪಟ್ಟಿ ಸುತ್ತಿಕೊಂಡಿದ್ದ ಲಾಠಿಯಣ್ಣ ಮಲಗಿದಲ್ಲಿಂದಲೇ ಬೇಡ ಎಂದರು.

"ಬಾಗಿಲಿಗೆ ವಾಪಸ್ ಬರೋನು ನಾನು. ಉಳಿದಿರೋದು ಒಂದೇ ಕಣ್ಣು. ಪಕ್ಕದಲ್ಲಿ ನಿಲ್ಲೋರು ನಿಲ್ಲಬೇಕಮ್ಮ, ಉರುಳಬಾರದು. ಮೇಲಿನ ಮಹಡೀಲಿ ಹೆದರಿಕೆ ಬಿಡಿಸೋ ಮೇಡಂ ಒಬ್ಬರು ಇದಾರಂತೆ, ಹೋಗಿ ಕೇಳು. ಆಗಲ್ಲ ಅಂದ್ರೆ ಗಾಡಿ ಕಾಯಿ, ನಂಗೇನೂ ಬೇಜಾರಿಲ್ಲ."

ಆ ಕೊನೆಯ ಮಾತೇ ಅವಳನ್ನು ಹೆಚ್ಚು ಚುಚ್ಚಿತು. ಹೋದಳು.

ಮನಶ್ಶಾಸ್ತ್ರಜ್ಞೆ ಮೇಡಂ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು. "ತಲೆ ಸುತ್ತಿದಾಗ ಏನ್ ಮಾಡ್ತೀರಿ?"

"ಮೈ ಸಡಿಲ ಬಿಡ್ತೀನಿ."

"ಅಲ್ಲೇ ಎಡವಿರೋದು ನೀವು."

ನಾಯಿಗೋ ಎತ್ತರಕ್ಕೋ ಹೆದರುವವರಿಗೆ ಎದೆ ಹೊಡೆದುಕೊಳ್ಳುತ್ತದೆ, ರಕ್ತದ ಒತ್ತಡ ಏರುತ್ತದೆ. ಅವರು ಮೂರ್ಛೆ ಹೋಗುವುದು ಅಪರೂಪ. ರಕ್ತಕ್ಕೆ ಹೆದರುವವರ ಕಥೆಯೇ ಬೇರೆ. ಒತ್ತಡ ಒಮ್ಮೆ ಏರಿ, ಆಮೇಲೆ ಧಡಕ್ಕನೆ ಇಳಿದುಬಿಡುತ್ತದೆ. ಇಳಿಯುತ್ತಿರುವಾಗ ಮೈಯನ್ನೂ ಸಡಿಲ ಬಿಟ್ಟರೆ ತಲೆಗೆ ರಕ್ತ ಸಾಲದೆ ಮನುಷ್ಯ ಬೀಳುತ್ತಾನೆ. ಹೀಗೆ ವಿವರಿಸಿ ಮೇಡಂ ಮುಷ್ಟಿ, ತೋಳು, ಹೊಟ್ಟೆ, ತೊಡೆ ಎಲ್ಲವನ್ನೂ ಬಿಗಿ ಹಿಡಿಯಲು ಕಲಿಸಿದರು. ಮುಖ ಬೆಚ್ಚಗಾಗುವವರೆಗೆ ಹಿಡಿಯಬೇಕು, ಸ್ವಲ್ಪ ಬಿಡಬೇಕು, ಪೂರ್ತಿ ಜೋಲುಬೀಳದೆ ಮತ್ತೆ ಹಿಡಿಯಬೇಕು.

"ಹಂಗಾದ್ರೆ ಅವತ್ತು ನನ್ನನ್ನ ನಾನೇ ಬೀಳಿಸ್ಕೊಂಡೆನಾ ಮೇಡಂ?"

"ಭಯ ತಳ್ತಾ ಇತ್ತು. ಗೊತ್ತಿಲ್ದೆ ನೀವೂ ಕೈ ಜೋಡಿಸಿದ್ರಿ, ಅಷ್ಟೇ."

ಮೊದಲು ಹತ್ತಿಯ ಮೇಲೆ ಕೆಂಪು ಶಾಯಿ, ಆಮೇಲೆ ಗಾಯದ ಫೋಟೋ. ಒಂದು ಹಂತದಲ್ಲಿ ಭಯ ಇಳಿಯದೆ ಮುಂದಿನದಕ್ಕೆ ಹೋಗುವಂತಿರಲಿಲ್ಲ. ಮುಖ ತಿರುಗಿಸಿದಷ್ಟೂ ಭಯ ಬೆಳೆಯುತ್ತದೆ, ನೋಡುತ್ತ ನಿಂತರೆ ತಾನಾಗಿಯೇ ಇಳಿಯುತ್ತದೆ ಎನ್ನುತ್ತಿದ್ದರು ಮೇಡಂ. ರಕ್ತ ತುಂಬಿದ ಗಾಜಿನ ನಳಿಕೆ ಮೇಜಿನ ಮೇಲೆ ಬಂದ ದಿನ ಚಿಕ್ಕಮ್ಮ ಬಿಗಿ ಹಿಡಿಯುವುದನ್ನು ಮರೆತಳು. ಕುಸಿಯುವಾಗ ಗಲ್ಲ ಮೇಜಿನ ಅಂಚಿಗೆ ಬಡಿದು ನಾಲಿಗೆ ಕಚ್ಚಿಕೊಂಡಳು. ಎದ್ದವಳೇ ರೋಷದಿಂದ ಕೈ ಬೀಸಿದಳು. ನಳಿಕೆ ಗೋಡೆಗೆ ಬಡಿದು ಒಡೆಯಿತು. ಸುಣ್ಣದ ಗೋಡೆಯ ಮೇಲೆ ರಕ್ತ ಉದ್ದಕ್ಕೆ ಇಳಿಯಿತು.

ಮೇಡಂ ಕುರ್ಚಿ ಬಿಟ್ಟು ಏಳಲಿಲ್ಲ. "ಮುಟ್ಟಬೇಡಿ. ಒರೆಸೋರನ್ನ ಆಮೇಲೆ ಕರೆಯೋಣ. ಈಗ ಬಿಗಿ ಹಿಡಿದು ನೋಡ್ತಾ ಇರಿ."

ನೋಡಿದಳು. ಬಾಯಿಯಲ್ಲಿ ತನ್ನದೇ ರಕ್ತದ ರುಚಿ, ಎದುರಿಗೆ ಗೋಡೆಯ ರಕ್ತ. ಮೊದಲು ಕಿವಿಯ ಸಿಳ್ಳೆ ಜೋರಾಯಿತು, ಆಮೇಲೆ ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ಗೋಡೆಯ ಮೇಲಿನದು ಬರೀ ಕಲೆಯಾಗಿ ಕಂಡಿತು.

ಅಲ್ಲಿಂದ ಗಾಯಕ್ಕೆ ಪಟ್ಟಿ ಕಟ್ಟುವ ಕೋಣೆಯ ಮೂಲೆಯಲ್ಲಿ ಕೂತು ಹಳೆಯ ಪಟ್ಟಿ ಬಿಚ್ಚುವುದನ್ನು ನೋಡುವ ಹಂತಕ್ಕೆ ಬಂದಳು. ಮಳೆಗಾಲ ಕಳೆಯುವ ಹೊತ್ತಿಗೆ ಲಾಠಿಯಣ್ಣನೂ ಅವಳೂ ಮತ್ತೆ ಬಾಗಿಲಿಗೆ ಬಂದರು.

ಬಂದ ವಾರವೇ ಒಬ್ಬ ತನ್ನ ತಮ್ಮನನ್ನು ಹೆಗಲ ಮೇಲೆ ಹೊತ್ತು ತಂದ. ತಮ್ಮ ದಾರಿಯಲ್ಲೇ ಸತ್ತಿದ್ದ. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಅದನ್ನು ಹೇಳಿದ ಕೂಡಲೇ ಅವನು ಪಟ್ಟಿ ಕಟ್ಟುವ ಸಾಮಾನಿನ ತಳ್ಳುಗಾಡಿಯಲ್ಲಿದ್ದ ಕತ್ತರಿ ಎತ್ತಿಕೊಂಡ. "ಸುಳ್ಳು ಹೇಳ್ತೀಯಾ" ಎಂದು ಅವಳ ಕತ್ತಿಗೇ ಗುರಿಯಿಟ್ಟ. ಅವನ ಪಕ್ಕದಲ್ಲೇ ಇದ್ದ ಲಾಠಿಯಣ್ಣನಿಗೆ, ಎಡಗಡೆಯಿಂದ ಎದ್ದ ಆ ಕೈ ಕಾಣಲಿಲ್ಲ. ಚಿಕ್ಕಮ್ಮ ನಡುವೆ ಬಂದಳು. ಕತ್ತರಿ ಅವಳ ಮುಂಗೈಯನ್ನು ಮಣಿಕಟ್ಟಿನಿಂದ ಮೇಲಕ್ಕೆ ಸೀಳಿಕೊಂಡು ಹೋಯಿತು.

ಈ ಸಲ ರಕ್ತ ಅವಳದೇ. ಕಣ್ಣಿಗೆ ಬೂದಿ ಕವಿಯತೊಡಗಿತು. ಹೊಟ್ಟೆ ಬಿಗಿ ಹಿಡಿದಳು, ತೊಡೆ ಬಿಗಿ ಹಿಡಿದಳು, ಮುಷ್ಟಿ ಬಿಗಿ ಹಿಡಿದಳು. ಆ ಮುಷ್ಟಿಯೊಳಗೆ ಅವನ ಕೈಯಿತ್ತು. ಅದನ್ನು ಬೆನ್ನ ಹಿಂದಕ್ಕೆ ತಿರುಚಿ ಅವನನ್ನು ಗೋಡೆಗೆ ಒತ್ತಿದಳು. ತನ್ನ ರಕ್ತ ಅವನ ಅಂಗಿಯ ಮೇಲೆ ಹರಡುವುದನ್ನು ಕಣ್ಣು ಮಿಟುಕಿಸದೆ ನೋಡಿದಳು. ಕತ್ತರಿ ಕೆಳಗೆ ಬಿತ್ತು. ಅವಳು ಬಿಡಲಿಲ್ಲ. ಹಸಿ ಕಟ್ಟಿಗೆ ಮುರಿದ ಹಾಗೆ ಅವನ ಮೊಣಕೈ ಸದ್ದು ಮಾಡಿತು.

ಕೈಗೆ ಹೊಲಿಗೆ ಹಾಕುವಾಗ ಲಾಠಿಯಣ್ಣ ಪಕ್ಕದಲ್ಲಿ ಕೂತಿದ್ದರು.

"ನಿಂತೆಯಲ್ಲಮ್ಮ."

"ಅವನ ಕೈ ಮುರೀತಣ್ಣ. ತಮ್ಮನ್ನ ಹೊತ್ಕೊಂಡು ಬಂದ ಕೈ."

"ನೀ ಬಿದ್ದಿದ್ರೆ ಆ ಹುಡುಗಿ ಕತ್ತು ಹೋಗ್ತಿತ್ತು."

"ಗೊತ್ತು. ಆದ್ರೂ ಕತ್ತರಿ ಬಿದ್ಮೇಲೆ ಬಿಡಬಹುದಿತ್ತು."

ಮಾರನೆಯ ದಿನ ಅವಳು ಮೂಳೆ ವಾರ್ಡಿಗೆ ಹೋಗಿ ಅವನ ಹಾಸಿಗೆಯ ಬಳಿ ನಿಂತಳು. ಅವನು ಗೋಡೆಯ ಕಡೆಗೆ ಹೊರಳಿಕೊಂಡ. ಅವಳು ತನ್ನ ಪಾಳಿಗೆ ಇಳಿದು ಬಂದಳು. ಈಗ ಆ ಕೈ ಮುರಿದದ್ದರ ಬಗ್ಗೆ ವಿಚಾರಣೆ ನಡೆಯುತ್ತಿದೆ. ಕೇಳಿದವರಿಗೆಲ್ಲ ನಡೆದದ್ದನ್ನು ನಡೆದ ಹಾಗೇ ಹೇಳುತ್ತಿದ್ದಾಳೆ.

ಈ ಭಯ ಒಂದೇ ಮನೆಯ ಹಲವರಿಗೆ ಬರುವುದುಂಟು ಎಂದು ಮೇಡಂ ಅವಳಿಗೆ ಹೇಳಿದ್ದಾರೆ. ನಮ್ಮಜ್ಜಿಯೂ ಹೀಗೇ ಬೀಳುತ್ತಿದ್ದರಂತೆ. ಶಾಲೆಯಲ್ಲಿ ಚುಚ್ಚುಮದ್ದು ಹಾಕಲು ಬಂದ ದಿನ ಎಲ್ಲರೆದುರು ಬಿದ್ದು, ಅವರ ನಗು ತಾಳಲಾರದೆ ಮತ್ತೆ ಆ ಕಡೆ ಹೋಗದವಳು ನಾನು. ಸೋಮವಾರ ಬೆಳಿಗ್ಗೆ ಮೇಲಿನ ಮಹಡಿಯ ಮೇಡಂ ಹತ್ತಿರ ಹೋಗುತ್ತೇನೆ.