ಎರಡು ಸೀಟಿಯ ಹಾಡು

ಹಾಡಿನ ವಿಮರ್ಶೆಯನ್ನು ನಾನು ಕಲಿತದ್ದು ಬೈಂದೂರು-ಕುಂದಾಪುರ ಬಸ್ಸಿನಲ್ಲಿ, ಅದೂ ನಿಂತುಕೊಂಡು. ಕ್ಯಾಸೆಟ್ಟಿನ ಕೊನೆಗಾಲ. ಇಸವಿ ಕೇಳಬೇಡಿ, ನೆನಪು ಬಹಳ ಒಪ್ಪವಾಗಿ ಬಂದು ನಿಂತಾಗೆಲ್ಲ ನನಗೆ ಅದರ ಮೇಲೇ ಅನುಮಾನ.

ಕುಂದಾಪುರದ ಕ್ಯಾಸೆಟ್ ಅಂಗಡಿಯವರು ವಾರದ ಹೊಸ ಹಾಡುಗಳನ್ನು ಸೋಮವಾರ ನಮ್ಮ ಡ್ರೈವರ್ ಶೀನಣ್ಣನ ಕೈಗೆ ಕೊಡುತ್ತಿದ್ದರು. ಹಾಡು ಮುಗಿದೊಡನೆ ಕಂಡಕ್ಟರ್ ರಘು ಜನರನ್ನು ಕೇಳಿ ತೀರ್ಪು ಊದುತ್ತಿದ್ದ. ಎರಡು ಸೀಟಿ ಅಂದರೆ ಪಾಸು, ವಾರವಿಡೀ ಅದೇ ಹಾಡು. ಒಂದೇ ಸೀಟಿ ಅಂದರೆ ಕ್ಯಾಸೆಟ್ ಹೊರಗೆ. ಕಾವ್ಯಕ್ಕೆ ಸಹೃದಯ ಬೇಕು ಎಂದು ಅಲಂಕಾರಶಾಸ್ತ್ರದವರು ಹೇಳಿದ್ದಾರೆ. ಅವನಿಗೆ ಸೀಟು ಸಿಕ್ಕಿರಬೇಕೋ ಬೇಡವೋ ಎಂಬುದನ್ನು ಮಾತ್ರ ಹೇಳಲಿಲ್ಲ. ನಾನು "ಇದರಲ್ಲಿ ಪ್ರಯೋಗಶೀಲತೆ ಸಾಲದು" ಎಂದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಎಲ್ಲರೂ ಕಾಯುತ್ತಿದ್ದದ್ದು ಮೀನು ಮಾರುವ ಬಾಬಿಯಕ್ಕನ ಮಾತಿಗೆ. "ಎಂತ ಮಾರಾಯಾ, ಗಂಟ್ಲಂಗೆ ಮುಳ್ಳ್ ಸಿಕ್ಕಿದಂಗ್ ಇತ್ತಲೆ!" ಎಂದು ಅವರು ಹಿಂದಿನ ಬಾಗಿಲಿನಿಂದ ಕೂಗಿದರೆ ಆ ಹಾಡಿನ ಕತೆ ಮುಗಿಯಿತು.

ಒಂದು ಸೋಮವಾರ ಬಂದದ್ದು ನಮ್ಮದೇ ಕಡೆಯ ಆರ್ಕೆಸ್ಟ್ರಾದ ಕ್ಯಾಸೆಟ್. ಅದರಲ್ಲೊಂದು ಹಾಡು ನನ್ನ ತಂಗಿ ಸುಮತಿಯದು. ಬಸ್ಸಿನಲ್ಲಿ ಪಾಸಾದರೆ ಈ ವರ್ಷ ಸ್ಟೇಜಿನಲ್ಲಿ ಒಬ್ಬಳೇ ಹಾಡುವುದು, ಇಲ್ಲದಿದ್ದರೆ ಕೋರಸ್ಸಿನಲ್ಲೇ ಎಂದು ಆರ್ಕೆಸ್ಟ್ರಾದ ಮಾಸ್ಟರು ಅವಳಿಗೆ ಹೇಳಿಬಿಟ್ಟಿದ್ದರು. ಕಿರಿಮಂಜೇಶ್ವರದಲ್ಲಿ ಹತ್ತಿದ ನಾವಿಬ್ಬರೂ ಯಾರಿಗೂ ಬಾಯಿ ಬಿಡಲಿಲ್ಲ. ಅವಳು ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಿದ್ದಳು. ಕಂಬ ಹಿಡಿದಿದ್ದೆ ಎನ್ನುತ್ತಾಳೆ ಅವಳು. ಇರಬಹುದು.

ಅವಳ ಹಾಡು ಶುರುವಾದದ್ದು ಹೆಮ್ಮಾಡಿಗೆ ತುಸು ಮೊದಲು. ಬಾಬಿಯಕ್ಕ ಇಳಿಯುವುದು ಅಲ್ಲೇ. ಅವರ ಮಾತಿಲ್ಲದೆ ರಘು ಸೀಟಿ ಊದುವವನಲ್ಲ. ಬಸ್ಸು ನಿಂತಾಗ ಹಾಡಿನ್ನೂ ಪಲ್ಲವಿ ದಾಟಿರಲಿಲ್ಲ. ಬಾಬಿಯಕ್ಕ ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು ಅಲ್ಲೇ ನಿಂತುಬಿಟ್ಟರು.

"ಹ್ವಾಯ್ ಬಾಬಿಯಕ್ಕ, ಇಳಿನಿ ಕಾಂಬ! ಹಿಂದಿನ್ ಬಸ್ ಬಂತ್!" ಎಂದ ರಘು.

"ಪದ ಮುಗಿಲಿ ಮಾರಾಯಾ. ಮೀನ್ ಎಂತ ಓಡಿ ಹೋತಿಲ್ಲೆ."

ನಮ್ಮ ಕಡೆಯ ಬಸ್ಸುಗಳಿಗೆ ನಿಮಿಷವೆಂದರೆ ಪ್ರಾಣ. ಹಿಂದಿನ ಬಸ್ಸು ಮುಂದೆ ಹೋದರೆ ದಾರಿಯ ಜನರೆಲ್ಲ ಅದರ ಪಾಲು. ಶೀನಣ್ಣ ಕನ್ನಡಿ ನೋಡಿದರು; ಹಾಡನ್ನೂ ನಿಲ್ಲಿಸಲಿಲ್ಲ, ಬಸ್ಸನ್ನೂ ಬಿಡಲಿಲ್ಲ. ಹಿಂದಿನ ಬಸ್ಸು ಹಾರ್ನ್ ಹೊಡೆಯುತ್ತ ನಮ್ಮನ್ನು ದಾಟಿ ಹೋಯಿತು. ಆಫೀಸಿಗೆ ಹೋಗುವವರು ಕೈಗಡಿಯಾರ ನೋಡಿಕೊಂಡರು. ಯಾರೂ ಗೊಣಗಲಿಲ್ಲ.

"ಸುರುವಿಗೆ ಹೆಣ್ಣ್ ಹೆದ್ರಿತ್ತ್. ಕಡಿಕ್ ಲಾಯ್ಕ್ ಆಯ್ತ್," ಎಂದು ಬಾಬಿಯಕ್ಕ ಬುಟ್ಟಿಯನ್ನು ತಲೆಗೇರಿಸಿಕೊಂಡು ನಡೆದರು. ರಘು ಎರಡು ಸೀಟಿ ಊದಿದ. ಸುಮತಿ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಈಗ ನಾನೂ ಫೋನಿನಲ್ಲಿ ಹೊಸ ಹಾಡಿಗೆ ಹೆಬ್ಬೆರಳು ಒತ್ತುತ್ತೇನೆ, ಅರ್ಧವೂ ಕೇಳದೆ. ಹಾಡಿದವಳು ಯಾರೆಂದೂ ತಿಳಿಯದ ಒಂದು ಬಸ್ಸು, ಅವಳನ್ನು ಪೂರ್ತಿ ಕೇಳುವುದಕ್ಕೆಂದು ಅಷ್ಟು ಜನರನ್ನು ಬಿಟ್ಟುಕೊಟ್ಟಿತು. ಆ ಋಣವನ್ನು ಎಲ್ಲಿ ತೀರಿಸಲಿ?

ಮುಂದಿನ ಸ್ಟಾಪುಗಳಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. "ಹತ್ತುಕೆ ಯಾರೂ ಇಲ್ಲ ಅಲೆ," ಎನ್ನುತ್ತ ಶೀನಣ್ಣ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿದರು. "ಇನ್ನೊಂದ್ ಸಲ ಕೇಂಬ."